ಸರ್ಟಿಫಿಕೇಟ್ ಬಂತು, ಮಾತು ಬರಲಿಲ್ಲ

ವಿಶ್ವವಿದ್ಯಾಲಯದ ಸಂಜೆ ತರಗತಿಯಲ್ಲಿ ಜಪಾನೀಸ್ ಕಲಿತು, ಆ ಭಾಷೆಯ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿಯ ಎನ್3 ಹಂತವನ್ನೂ ಪಾಸು ಮಾಡಿದ ಮೇಲೆ ನನಗೆ ಭಾಷೆ ಬಂತೆಂದೇ ನಂಬಿದ್ದೆ. ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದೂ ಆ ಕಾಗದದ ಬಲದಿಂದಲೇ. ಒಂದು ದಿನ ಜಪಾನಿನಿಂದ ಬಂದಿದ್ದ ಎಂಜಿನಿಯರ್ ಯಂತ್ರದ ಮುಂದೆ ನಿಂತು ಏನೋ ಹೇಳಿದರು. ಎಲ್ಲರೂ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಕೊನೆಗೆ ಅವರೇ ಚೀಟಿಯಲ್ಲಿ ಬರೆದುಕೊಟ್ಟರು: ಯಾರೋ ಕವರ್ ಮುಚ್ಚುವುದನ್ನು ಮರೆತುಬಿಟ್ಟಿದ್ದಾರೆ. ಅದರಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ.

‘ಮರೆತುಬಿಟ್ಟಿದ್ದಾರೆ’ ಎನ್ನಲು ನಾನು ಕಲಿತದ್ದು ‘ವಸುರೆತೆ ಶಿಮತ್ತ’. ಅವರ ಬಾಯಲ್ಲಿ ಬಂದದ್ದು ‘ವಸುರೆಚತ್ತ’. ನಮ್ಮ ‘ಮರೆತುಬಿಟ್ಟೆ’ ಮಾತಿನಲ್ಲಿ ‘ಮರ್ತ್ಬಿಟ್ಟೆ’ ಆಗುವ ಹಾಗೆಯೇ. ಪುಸ್ತಕದಲ್ಲಿ ಇದನ್ನು ಓದಿರಲಿಲ್ಲವೆಂದಲ್ಲ, ಕಿವಿಗೆ ಬಿದ್ದಿರಲಿಲ್ಲ ಅಷ್ಟೆ.

ನನ್ನನ್ನು ಮೈಮರೆಸಿದ್ದು ಕನ್ನಡವೇ. ಕನ್ನಡ, ಜಪಾನೀಸ್ ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ನಂತರ ಬರುತ್ತದೆ. ವ್ಯಾಕರಣ ಸಲೀಸಾಗಿ ತಲೆಗೆ ಹೋಯಿತು, ಅಂಕಗಳೂ ಬಂದವು. ಜೆಎಲ್‌ಪಿಟಿಯಲ್ಲಿ ಇರುವುದು ಓದು, ವ್ಯಾಕರಣ ಮತ್ತು ಆಲಿಸುವಿಕೆ. ಎಲ್ಲವೂ ಸರಿ ಉತ್ತರ ಗುರುತಿಸುವ ಪ್ರಶ್ನೆಗಳು. ಕೊನೆಯ ಹಂತವಾದ ಎನ್1ರವರೆಗೆ ಹೋದರೂ ಯಾರೂ ನಿಮ್ಮನ್ನು ಮಾತಾಡಿಸುವುದಿಲ್ಲ.

ಮೇಷ್ಟ್ರನ್ನು ದೂರಿ ಪ್ರಯೋಜನವಿಲ್ಲ. ಒಂದು ಗಂಟೆಯ ತರಗತಿಯಲ್ಲಿ 30 ಮಂದಿ ಕೂತರೆ ಮಾತಾಡಲು ತಲಾ ಎರಡು ನಿಮಿಷ. ಪಾಠಕ್ಕೆ ಹೋದ ಹೊತ್ತು ಕಳೆದರೆ ಅದೂ ಇಲ್ಲ. ವಾರಕ್ಕೆ 4 ಗಂಟೆ, ವರ್ಷಕ್ಕೆ 30 ವಾರ ಎಂದು ಹಿಡಿದರೂ ಮೂರು ವರ್ಷಕ್ಕೆ 360 ಗಂಟೆ. ಅಮೆರಿಕದ ವಿದೇಶಾಂಗ ಸೇವಾ ತರಬೇತಿ ಸಂಸ್ಥೆ ಇಂಗ್ಲಿಷ್ ಮಾತಾಡುವವರಿಗೆ ಜಪಾನೀಸ್ ಕಲಿಸಲು ಇಟ್ಟುಕೊಂಡಿರುವ ಲೆಕ್ಕ ಸುಮಾರು 2,200 ಗಂಟೆ. ಕನ್ನಡದವರೆಂದು ಅರ್ಧ ರಿಯಾಯಿತಿ ಕೊಟ್ಟುಕೊಂಡರೂ ನಾವು ಮೂರನೇ ಒಂದು ಭಾಗ ದಾಟಿರುವುದಿಲ್ಲ. ದಿನಬಳಕೆಯ ಪಟ್ಟಿಯಲ್ಲಿರುವ 2,136 ಕಾಂಜಿ ಅಕ್ಷರಗಳಿಗಂತೂ ಯಾವ ರಿಯಾಯಿತಿಯೂ ಇಲ್ಲ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ಬಸ್ಸಿನಲ್ಲಿ ಜಪಾನೀಸ್ ಸಂಭಾಷಣೆ ಕೇಳುತ್ತಾ ಬಂದೆ. ಮನೆಯಲ್ಲಿ ಅದರ ಬೆನ್ನಿಗೇ ಗಟ್ಟಿಯಾಗಿ ಹೇಳಿದೆ. ಕ್ಯಾಂಟೀನಿನಲ್ಲಿ ಜಪಾನಿಯರ ಮೇಜಿಗೆ ತಟ್ಟೆ ಒಯ್ದು, ತಪ್ಪಾದರೂ ಸರಿ ಎಂದು ಬಾಯಿಬಿಟ್ಟೆ. ಅವರು ನಕ್ಕರು, ತಿದ್ದಿದರು. ತರಗತಿಯಲ್ಲಿ ಕಲಿತ ವ್ಯಾಕರಣ ಆಗ ಕೈಹಿಡಿಯಿತು: ತಿದ್ದಿದ್ದು ಯಾಕೆಂದು ಯಾರನ್ನೂ ಕೇಳಬೇಕಾಗಲಿಲ್ಲ.

ಹಾಗಾಗಿ ವಿಶ್ವವಿದ್ಯಾಲಯದ ಕೋರ್ಸ್ ದಂಡ ಎನ್ನುವವರ ಮಾತು ಕೇಳಬೇಡಿ. ಅದೊಂದೇ ಸಾಕು ಎನ್ನುವವರ ಮಾತನ್ನಂತೂ ಕೇಳಲೇಬೇಡಿ. ಸೇರಿಕೊಳ್ಳಿ, ಲಿಪಿ ಮತ್ತು ವ್ಯಾಕರಣವನ್ನು ಅಲ್ಲಿ ಗಟ್ಟಿ ಮಾಡಿಕೊಳ್ಳಿ. ಆದರೆ ಮಾತಾಡುವುದನ್ನು ಸರ್ಟಿಫಿಕೇಟ್ ಬಂದ ಮೇಲೆ ನೋಡೋಣ ಎಂದು ಮುಂದೂಡಬೇಡಿ. ಮೊದಲ ಸೆಮಿಸ್ಟರಿನಲ್ಲೇ ಶುರು ಮಾಡಿ.