ನೇತ್ರಾಣಿಯ ನೀರಲ್ಲಿ ಕಿವಿಗೊಟ್ಟು

ನೀರಿಗಿಳಿದವರಿಂದ ಕಡಲು ಮೊದಲು ಕಸಿದುಕೊಳ್ಳುವುದು ಕೆಂಪು ಬಣ್ಣವನ್ನು. ಮುರುಡೇಶ್ವರದಿಂದ ದೋಣಿಯಲ್ಲಿ ಗಂಟೆ, ಒಂದೂವರೆ ಗಂಟೆ ಸಾಗಿದರೆ ನೇತ್ರಾಣಿ ದ್ವೀಪ. ಅದರ ಬುಡದಲ್ಲಿ ಹತ್ತು ಮೀಟರ್ ಇಳಿಯುವಷ್ಟರಲ್ಲಿ, ದೋಣಿಯ ಮೇಲೆ ಕಣ್ಣು ಕುಕ್ಕುತ್ತಿದ್ದ ಮಾಸ್ಕಿನ ಕೆಂಪು ಪಟ್ಟಿ ಮಾಸಿ ಕಂದಾಗಿರುತ್ತದೆ. ಬಂಡೆಯ ಸಂದಿನಲ್ಲಿ ಮಸಿಬಣ್ಣದ ಮೀನೊಂದು ಅಲುಗದೆ ನಿಂತಿರುತ್ತದೆ. ಟಾರ್ಚ್ ಹಾಯಿಸಿದೆನೋ, ಅದರ ಮೈಯೆಲ್ಲ ಕಡುಗೆಂಪು! ಬಿಸಿಲು ಹತ್ತು ಮೀಟರ್ ನೀರು ದಾಟುವಾಗ ಕಳಕೊಂಡ ಕೆಂಪನ್ನು ನನ್ನ ಟಾರ್ಚಿನ ಬೆಳಕು ಇನ್ನೂ ಕಳಕೊಂಡಿಲ್ಲ, ಅದು ದಾಟಿದ್ದು ಒಂದು ಮಾರು ನೀರನ್ನಷ್ಟೇ. ಟಾರ್ಚ್ ಆರಿಸಿದರೆ ಮೀನು ಮತ್ತೆ ಕಪ್ಪು. ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಉಳಿಯುವುದು ನೀಲಿ. ಕಡಲಿನ ನೀಲಿಯೆಂದರೆ ಆಕಾಶದ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರೇಲಿಯಂಥವರೇ ಹೇಳಿದ್ದ ಕಾಲದಲ್ಲಿ, 1921ರಲ್ಲಿ, ನಮ್ಮ ಸಿ.ವಿ. ರಾಮನ್ ಎಸ್.ಎಸ್. ನರ್ಕುಂಡಾ ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದರು. ಹಡಗಿನ ಅಟ್ಟದ ಮೇಲೆ ನಿಂತು ನಿಕೋಲ್ ಪ್ರಿಸಮ್ ಎಂಬ ಪುಟ್ಟ ಹರಳನ್ನು ಕಣ್ಣಿಗೆ ಹಿಡಿದು ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ಅಳಿಸಿ ನೋಡಿದರು. ಪ್ರತಿಬಿಂಬ ಹೋಯಿತು, ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಅವರ ಹುಡುಕಾಟ ಆ ಡೆಕ್ಕಿನಿಂದ 1928ರ ರಾಮನ್ ಪರಿಣಾಮದವರೆಗೆ ಹೋಯಿತು. ನೀರು ಕೆಂಪನ್ನು ಹೀರಿಕೊಳ್ಳುವುದೂ ಈ ನೀಲಿಗೆ ಕಾರಣ. ಕೈಯಳತೆಯ ಸಲಕರಣೆಯೊಂದರಿಂದ ಇಡೀ ಸಮುದ್ರವನ್ನು ಪ್ರಶ್ನಿಸಿದ ಆ ಧೈರ್ಯ ನೀರಿನಡಿ ತೇಲುವಾಗ ನೆನಪಾಗಿ ಮೈ ಜುಮ್ಮೆನ್ನುತ್ತದೆ.

ಬೆಳಕಿಗೆ ಬಾಗುವ ಚಾಳಿಯೂ ಇದೆ. ಮಾಸ್ಕಿನ ಗಾಜಿನಾಚೆಯ ಮೀನು ಇರುವುದಕ್ಕಿಂತ ಹತ್ತಿರ ಮತ್ತು ದೊಡ್ಡದಾಗಿ ಕಾಣುತ್ತದೆ. ದಡಕ್ಕೆ ಬಂದವರು ಹೇಳುವ ಮೀನಿನ ಗಾತ್ರದಲ್ಲಿ ಕಾಲುಭಾಗ ಕಳೆದು ಕೇಳುವುದು ಒಳ್ಳೆಯದು. ತಲೆಯೆತ್ತಿದರೆ ಹೊರಗಿನ ಲೋಕವೆಲ್ಲ, ಆಕಾಶ, ದೋಣಿಯ ಮೇಲ್ಭಾಗ, ದ್ವೀಪದ ಬಂಡೆ, ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯೊಳಗೆ ಹಿಡಿದಿಟ್ಟಂತಿರುತ್ತದೆ. ಅದರಾಚೆ ನೀರಿನ ಮೇಲ್ಮೈ ಬರೀ ಕನ್ನಡಿ.

ಶಾಖದ ಪರಿಚಯವಾಗುವುದು ಚರ್ಮಕ್ಕೆ. 28 ಡಿಗ್ರಿಯ ಗಾಳಿಯಲ್ಲಿ ಬೆವರುವ ಮನುಷ್ಯ ಅದೇ 28 ಡಿಗ್ರಿಯ ನೀರಲ್ಲಿ ಗಂಟೆ ಕಳೆದರೆ ನಡುಗುತ್ತಾನೆ. ಮೈಶಾಖವನ್ನು ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ಚುರುಕಾಗಿ ಸಾಗಿಸುತ್ತದೆ. ಎಷ್ಟು ಶಾಖ ಕೊಟ್ಟರೂ ಕಡಲಿಗೆ ಸಾಲದು: ಅದರ ಮೇಲಿನ ಮೂರು ಮೀಟರ್ ನೀರೇ ಇಡೀ ವಾಯುಮಂಡಲ ಹಿಡಿದಿಡುವಷ್ಟು ಶಾಖವನ್ನು ಹಿಡಿದಿಡಬಲ್ಲದು. ಮಳೆಗಾಲ ಮುಗಿದ ಹೊಸತರಲ್ಲಿ ದೋಣಿಯವರು "ಸರ್, ಕೆಳಗೆ ನೀರು ತಣ್ಣಗಿದೆ, ದಪ್ಪ ಸೂಟ್ ಹಾಕ್ಕೊಳ್ಳಿ" ಎನ್ನುತ್ತಾರೆ. ಮಳೆಗಾಲದ ಗಾಳಿ ಮೇಲಿನ ನೀರನ್ನು ಅತ್ತ ತಳ್ಳಿದಾಗ ಆಳದ ತಣ್ಣೀರು ನಮ್ಮ ಕರಾವಳಿಯತ್ತ ಏರಿ ಬಂದಿರುತ್ತದೆ. ಆ ದಿನಗಳಲ್ಲಿ ಇಳಿಯುತ್ತಿದ್ದರೆ ಒಂದು ಗೆರೆ ದಾಟಿದಂತೆ ಕಾಲಿಗೆ ಥಂಡಿ, ಎದೆಗೆ ಇನ್ನೂ ಬೆಚ್ಚನೆ. ಆ ಗೆರೆಯಲ್ಲಿ ಕಣ್ಣಿಟ್ಟು ನೋಡಿ: ಬಿಸಿ, ತಣ್ಣೀರು ಬೆರೆಯುವಲ್ಲಿ ಬೆಳಕು ಅಡ್ಡಾದಿಡ್ಡಿ ಬಾಗಿ, ಪಕ್ಕದವರ ಮುಖವೇ ಕದಡಿ ಅಲೆಯಲೆಯಾಗುತ್ತದೆ. ಒಂದಡಿ ಕೆಳಗಿಳಿದರೆ ಎಲ್ಲ ನಿಚ್ಚಳ.

ಆ ಗೆರೆ ಸದ್ದನ್ನೂ ಬಾಗಿಸುತ್ತದೆ. ಬಿಸಿನೀರಲ್ಲಿ ಸದ್ದಿನ ವೇಗ ಹೆಚ್ಚು, ತಣ್ಣೀರಲ್ಲಿ ಕಡಿಮೆ. ಸದ್ದು ಯಾವಾಗಲೂ ನಿಧಾನದ ಕಡೆಗೇ ವಾಲುತ್ತದೆ. 1930ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸೋನಾರ್, ಅಂದರೆ ಸದ್ದಿನಿಂದ ನೀರಿನಡಿಯದನ್ನು ಪತ್ತೆಹಚ್ಚುವ ಸಾಧನ, ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕೈಕೊಡುತ್ತಿತ್ತು. ಊಟದ ಮಂಪರಿನಲ್ಲಿ ಸಿಬ್ಬಂದಿ ಕಿವಿಗೊಡುತ್ತಿಲ್ಲವೆಂದು ಮೊದಲು ಶಂಕಿಸಿದರಂತೆ. ನಿಜವಾಗಿ ಬಿಸಿಲಿಗೆ ಕಾದ ಮೇಲಿನ ಪದರ ಸದ್ದನ್ನು ಕೆಳಕ್ಕೆ ತಿರುಗಿಸುತ್ತಿತ್ತು.

ಬೆಳಕು ಸೋಲುವ ನೀರಿನಲ್ಲಿ ಸದ್ದು ಗೆಲ್ಲುತ್ತದೆ. ಹೊಸದಾಗಿ ಇಳಿಯುವವರು ಕ್ಯಾಮೆರಾ ಹಿಡಿದೇ ಬರುತ್ತಾರೆ. ಮೀನು ತೋರಿಸಿದ್ದೇ ಕ್ಲಿಕ್ಕಿಸಿ ಹೊರಡುತ್ತಾರೆ, ಕಡಲನ್ನು ಕೇಳಿಸಿಕೊಂಡಿರುವುದಿಲ್ಲ. ಕೇಳುವುದಕ್ಕೆ ಸಿಲಿಂಡರಿಗಿಂತ ಸ್ನಾರ್ಕೆಲ್ ವಾಸಿ. ಸಿಲಿಂಡರ್ ಹೊತ್ತವರ ಗುಳ್ಳೆಗಳ ಗದ್ದಲ ಉಳಿದದ್ದನ್ನೆಲ್ಲ ನುಂಗುತ್ತದೆ. ಮುಖ ಕೆಳಗೆ ಮಾಡಿ ಸುಮ್ಮನೆ ತೇಲಿದರೆ ಬಂಡೆಯುದ್ದಕ್ಕೂ ಚಟಪಟ, ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ, ಆದರೆ ನಿಲ್ಲುವುದೇ ಇಲ್ಲ. ಅದು ಬೆರಳುದ್ದವೂ ಇಲ್ಲದ ಪಿಸ್ತೂಲು ಸಿಗಡಿಗಳ ಸದ್ದು. ದೊಡ್ಡ ಕೊಂಡಿಯನ್ನು ಅವು ಎಷ್ಟು ರಭಸದಿಂದ ಮುಚ್ಚುತ್ತವೆಂದರೆ ಚಿಮ್ಮಿದ ನೀರಿನಲ್ಲಿ ಒಂದು ಗುಳ್ಳೆ ಹುಟ್ಟಿ, ಕುಸಿದು ಸಿಡಿಯುತ್ತದೆ. ಸದ್ದು ಕೊಂಡಿಯದಲ್ಲ, ಆ ಗುಳ್ಳೆಯದು.

ದೂರದ ದೋಣಿಯ ಎಂಜಿನ್ನೂ ಕೇಳುತ್ತದೆ, ಆದರೆ ಎತ್ತ ಕಡೆಯಿಂದ? ಎಡಗಿವಿ, ಬಲಗಿವಿಗಳ ನಡುವೆ ಸದ್ದು ತಲುಪುವ ಹೊತ್ತಿನ ವ್ಯತ್ಯಾಸದಿಂದ ನಾವು ದಿಕ್ಕು ಹಿಡಿಯುತ್ತೇವೆ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಸಾಗುವ ಸದ್ದು ಕಡಲಲ್ಲಿ 1,500 ಮೀಟರ್ ಸಾಗುವುದರಿಂದ ಆ ವ್ಯತ್ಯಾಸ ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ಎಂಜಿನ್ ನಾಲ್ಕೂ ಕಡೆ, ತಲೆಯೊಳಗೇ ಗುನುಗುತ್ತಿರುತ್ತದೆ. ಮೇಲೇಳುವ ಮೊದಲು ಕಣ್ಣಿಂದ ನೋಡಿಯೇ ಏಳಬೇಕು.

ಆಳದಲ್ಲಿ, ಸುಮಾರು ಸಾವಿರ ಮೀಟರ್ ಕೆಳಗೆ, ಒಂದು ಪದರವಿದೆ. ಅದರ ಮೇಲೆ ನೀರಿನ ಬಿಸಿ, ಕೆಳಗೆ ನೀರಿನ ಒತ್ತಡ ಸದ್ದಿನ ವೇಗವನ್ನು ಹೆಚ್ಚಿಸುತ್ತವೆ. ನಡುವೆ ಸಿಕ್ಕ ಸದ್ದು ಅತ್ತಿತ್ತ ಬಾಗುತ್ತಲೇ ಅಲ್ಲೇ ಉಳಿದು ಸಾಗುತ್ತದೆ. 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿ ನೀರಿನಲ್ಲಿ ಸಿಡಿಸಿದ ಸ್ಫೋಟಕಗಳ ಸದ್ದು ಸುಮಾರು ಮೂರು ಮುಕ್ಕಾಲು ಗಂಟೆಯ ನಂತರ ಅಟ್ಲಾಂಟಿಕ್ಕಿನ ಬರ್ಮುಡಾದಲ್ಲಿ ಕೇಳಿಸಿತು. ನಡುವೆ ಹತ್ತಿರಹತ್ತಿರ 20,000 ಕಿಲೋಮೀಟರ್ ನೀರು!

ಇದನ್ನೆಲ್ಲ ಓದಿದ ಮೇಲೆ ನನ್ನ ಆಸೆ ಬೆಳೆದಿದೆ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇರೆ ಕಡೆಯ ತಮ್ಮ ಬಂಧುಗಳಂತೆ ಧ್ರುವದತ್ತ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ. ಗೋವಾ ಕರಾವಳಿಯಾಚೆ ನೀರಿಗಿಳಿಸಿದ ಧ್ವನಿಗ್ರಾಹಕದಲ್ಲಿ ಅವುಗಳ ಹಾಡು ದಾಖಲಾಗಿದೆ. ಗೋವಾದಿಂದ ನೇತ್ರಾಣಿ ಸದ್ದಿಗೆ ಏನು ದೂರ? ಸಿಗಡಿಗಳ ಚಟಪಟದ ಹಿಂದೆ ತಗ್ಗು ದನಿಯೊಂದು ಇದೆಯೇ ಎಂದು ಪ್ರತಿ ಸಲ ಕಿವಿಯಿಡುತ್ತೇನೆ. ಇನ್ನೂ ಕೇಳಿಲ್ಲ. ಈ ಅಕ್ಟೋಬರಿಗೆ ದೋಣಿಗಳು ಹೊರಡುವಾಗ ಅಂಥದೇ ಒಂದು ಧ್ವನಿಗ್ರಾಹಕ, ಹೈಡ್ರೋಫೋನ್, ಒಯ್ಯಬೇಕೆಂದಿದ್ದೇನೆ. ಎಂಜಿನ್ ಅರ್ಧ ಗಂಟೆ ಬಂದ್ ಮಾಡಿಕೊಡಲು ದೋಣಿಯವರು ಒಪ್ಪಿದ್ದಾರೆ.