ಒಂದೇ ನೊಗ, ಎರಡು ಎತ್ತು

ನೊಗದ ಒಂದು ಕಡೆ ಹೋರಿ, ಇನ್ನೊಂದು ಕಡೆ ಕರು ಕಟ್ಟಿದರೆ ಉಳುಮೆ ಸಾಗಲ್ಲ. ಗೇಮಿಂಗ್ ಕಂಪ್ಯೂಟರೂ ಹಾಗೇ. ಪ್ರತಿ ಫ್ರೇಮಿನ ಲೆಕ್ಕ ಪ್ರೊಸೆಸರಿನದು, ಚಿತ್ರ ಬಿಡಿಸೋದು ಗ್ರಾಫಿಕ್ಸ್ ಕಾರ್ಡು. 1080ಪಿ ಪರದೆಯಲ್ಲಿ ಪ್ರೊಸೆಸರ್ ಏದುಸಿರು ಬಿಟ್ಟರೆ ದುಬಾರಿ ಕಾರ್ಡು ಸುಮ್ಮನೆ ಕಾಯುತ್ತೆ. 4ಕೆ ಆದರೆ ಭಾರವೆಲ್ಲ ಕಾರ್ಡಿನ ಮೇಲೆ.

ಬಾಳಿಕೆಗೆ ಮಾತ್ರ ಮದರ್‌ಬೋರ್ಡಿನ ಸಾಕೆಟ್ ನೋಡಬೇಕು. 2017ರ ಎಎಂ4 ಬೋರ್ಡುಗಳಲ್ಲಿ ಎಷ್ಟೋ, ಬಯಾಸ್ ಅಪ್‌ಡೇಟ್ ಆದಮೇಲೆ, 2022ರ ರೈಜನ್ 5800ಎಕ್ಸ್3ಡಿಯನ್ನೂ ಓಡಿಸಿದವು.

ಊರಲ್ಲಿ ತಮ್ಮ ಎರಡು ವರ್ಷ ಅಡಿಕೆ ಸುಲಿದು 80 ಸಾವಿರ ಕೂಡಿಸಿದಾನೆ. "ಅಣ್ಣಾ, ಎಲ್ಲಾ ಕಾರ್ಡಿಗೇ ಹಾಕ್ಲಾ?" ಅಂದ.

"ಬೇಡ ಕಣೋ. ಎಎಂ5 ಬೋರ್ಡು, ಆರು ಕೋರಿನ ಪ್ರೊಸೆಸರ್, ಒಳ್ಳೆ ಪವರ್ ಸಪ್ಲೈ ಮೊದಲು, ಉಳಿದಿದ್ದು ಕಾರ್ಡಿಗೆ. ಕಾರ್ಡು ಮುಂದೆ ಬದಲಿಸಬಹುದು. ಸಾಕೆಟ್ ಹಳೇದಾದ್ರೆ ಬೋರ್ಡೂ ಮತ್ತೆ ಕೊಳ್ಳಬೇಕು. ಅಷ್ಟು ಅಡಿಕೆ ಮತ್ತೆ ಸುಲೀತೀಯಾ?"