ತಡವಾಗಿ ಅರಳುವ ಹೂಗಳು

ಶಿಕ್ಷಕಿಯೊಬ್ಬಳ ಶ್ರಮವು ಎಷ್ಟು ಕಾಲ ನಿಲ್ಲಬಲ್ಲುದೆಂಬುದಕ್ಕೆ ಅಮೆರಿಕಾ ದೇಶದ ಮಿನ್ನಿಯಾಪೊಲಿಸ್ ಪಟ್ಟಣದಲ್ಲಿ ಒಂದು ಸಾಕ್ಷಿಯುಂಟು. ಅದು ಎಲೋಯ್ಸ್ ಬಟ್ಲರ್ ಎಂಬವರ ಹೆಸರನ್ನು ಹೊತ್ತಿರುವ ಕಾಡುಹೂಗಳ ತೋಟ. ಕಳೆದ ವರ್ಷದ ಬೇಸಗೆಯ ರಜೆಯಲ್ಲಿ, ಮೇ ತಿಂಗಳ ಎರಡನೆಯ ವಾರ, ಆ ಊರಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಅಲ್ಲಿಗೆ ಕರೆದೊಯ್ದಳು. ನಮ್ಮಲ್ಲಿ ಜನರು ಮಳೆಗಾಗಿ ಮುಗಿಲು ನೋಡುವ ಆ ದಿನಗಳಲ್ಲಿ ಅಲ್ಲಿ ವಸಂತವು ಆಗತಾನೇ ಕಾಲಿಟ್ಟಿತ್ತು.

ಬಟ್ಲರಮ್ಮನವರು 1851ರಲ್ಲಿ ಹುಟ್ಟಿದವರು. ಆ ಊರಿನ ಶಾಲೆಗಳಲ್ಲಿ ಬಹುಕಾಲ ಸಸ್ಯಶಾಸ್ತ್ರವನ್ನು ಬೋಧಿಸಿದರು. ಪಟ್ಟಣವು ಬೆಳೆದಂತೆಲ್ಲ ಅಡವಿಗಳೂ ಜೌಗುನೆಲಗಳೂ ಅಳಿದು, ಅಲ್ಲಿಯ ಸ್ವಾಭಾವಿಕ ಗಿಡಗಳು ಕಾಣದಾಗುತ್ತಿರುವುದನ್ನು ಕಂಡು, ಸಂಗಡಿಗ ಉಪಾಧ್ಯಾಯರೊಡನೆ ಉದ್ಯಾನಗಳ ಮಂಡಳಿಗೆ ಬಿನ್ನಹ ಮಾಡಿಕೊಂಡರು. 1907ರಲ್ಲಿ 3 ಎಕರೆ ನೆಲವು ದೊರೆಯಿತು. 1911ರಲ್ಲಿ ಶಾಲೆಯ ಕೆಲಸವನ್ನು ಬಿಟ್ಟು ತೋಟದ ಪಾಲಕಿಯಾದರು. 1933ರಲ್ಲಿ ಗತಿಸುವ ತನಕ ಅದೇ ಅವರ ಸೇವೆಯಾಗಿತ್ತು. ಈಗ ತೋಟವು ಸುಮಾರು 15 ಎಕರೆಯಷ್ಟಿದೆ.

ಕಾಲುದಾರಿಯಲ್ಲಿ ನಡೆದೆವು. ಮರಗಳ ಎಲೆಗಳು ಇನ್ನೂ ಪೂರ್ಣವಾಗಿ ಬಿಚ್ಚಿರಲಿಲ್ಲ. ಮೇಲೆ ನೆರಳು ಮುಚ್ಚಿಕೊಳ್ಳುವುದರೊಳಗೆ ಸಿಕ್ಕುವ ಕೆಲವೇ ವಾರಗಳ ಬಿಸಿಲನ್ನು ಕುಡಿದು ಅರಳಬೇಕಾದ ಹೂಗಳವು. ತಗ್ಗಿನ ಕೆಸರಿನಲ್ಲಿ ಹಳದಿಯ ಹೂಗಳು. ಇಳಿಜಾರಿನಲ್ಲಿ ಟ್ರಿಲಿಯಮ್ ಎಂಬ ಬಿಳಿಯ ಹೂಗಳು. ಇದಕ್ಕೆ ಎಲೆಯೂ ಮೂರು, ಎಸಳೂ ಮೂರು. ಬೀಜಕ್ಕೆ ಅಂಟಿರುವ ಜಿಡ್ಡಿನ ತುಣುಕಿನ ಆಸೆಗೆ ಇರುವೆಗಳು ಅದನ್ನು ಎಳೆದೊಯ್ದು ಬಿತ್ತುತ್ತವೆ. ಮೊದಲನೆಯ ಚಳಿಗಾಲ ಕಳೆದರೆ ಬೇರು ಮಾತ್ರ. ಎರಡನೆಯದು ಕಳೆದ ಮೇಲೆಯೇ ಮೊದಲ ಎಲೆಯು ಮಣ್ಣಿನಿಂದ ತಲೆಯೆತ್ತುವುದು. ಹೂ ಬಿಡಲು ಏಳು ವರ್ಷಗಳಾದರೂ ಬೇಕು.

ಇದನ್ನು ಕೇಳಿ ಆ ಹುಡುಗಿಯು ನಕ್ಕು, “ಟೀಚರ್, ನಾನೂ ಈ ಗಿಡದ ಕುಲದವಳೇ ಅಲ್ಲವೇ?” ಎಂದಳು.

ಅವಳು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಎರಡು ಸಲ ತೇರ್ಗಡೆಯಾಗಲಿಲ್ಲ. ಇನ್ನು ಓದು ಸಾಕು, ಮದುವೆಯೇ ಲೇಸೆಂದು ತಂದೆಯವರು ನಿಶ್ಚಯಿಸಿದ್ದರು. ತಾಯಿಯು ಮಾತ್ರ ಇನ್ನೊಂದು ವರ್ಷವನ್ನು ಕಾಡಿ ಬೇಡಿ ಪಡೆದರು. ಆ ಒಂದು ವರ್ಷದ ಫಲವೇ ಇಂದು ರೋಗಿಗಳ ಮಗ್ಗುಲಲ್ಲಿ ನಿಂತಿದೆ. ಈ ಸಂಗತಿಯನ್ನು ಇಲ್ಲಿ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಅಡವಿಯ ಹೂಗಳನ್ನು ನೋಡಿ ಕಲಿಯಬೇಕೆಂದು ಕರ್ತನು ಬೆಟ್ಟದ ಮೇಲೆ ಶಿಷ್ಯರಿಗೆ ಉಪದೇಶಿಸಿದನು. ಆ ದಿನ ನಾನು ಕಲಿತುದು ಇಷ್ಟು: ಮಣ್ಣಿನೊಳಗೆ ಬೇರೂರುತ್ತಿರುವ ವರ್ಷವು ವ್ಯರ್ಥವಾದ ವರ್ಷವಲ್ಲ, ನೋಡುವವರ ಕಣ್ಣಿಗೆ ಮಾತ್ರ ಅದು ಬರಿಯ ಮಣ್ಣು. ತೋಟದವನು ಮಾಡಬೇಕಾದುದು ಆ ನೆಲವನ್ನು ತುಳಿಯದಿರುವುದು.

ಪ್ರತಿ ವರ್ಷವೂ ಪರೀಕ್ಷೆಯ ಫಲಿತಾಂಶವು ಬಂದ ವಾರದಲ್ಲಿ ತಂದೆಯೋ ಅಣ್ಣನೋ ನನ್ನ ಕೋಣೆಗೆ ಬಂದು ಹುಡುಗಿಯ ವರ್ಗಾವಣೆ ಪತ್ರವನ್ನು ಕೇಳುವುದುಂಟು. ಆಗೆಲ್ಲ ಹುಡುಗಿಯು ಬಾಗಿಲಾಚೆ ತಲೆತಗ್ಗಿಸಿ ನಿಂತಿರುತ್ತಾಳೆ. ಪೋಷಕರಲ್ಲಿ ನನ್ನ ವಿನಂತಿಯು ಇದೊಂದೇ: ಪತ್ರವನ್ನು ಕೇಳುವ ಮುನ್ನ ಅವಳನ್ನು ಒಳಗೆ ಕರೆದು ಕುಳ್ಳಿರಿಸಿ, ಅವಳ ಮಾತನ್ನು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ತಡವಾಗಿ ಅರಳಿದವರು ಅನೇಕರಿದ್ದೀರಿ. ಬಿಡುವಾದಾಗ ಶಾಲೆಗೆ ಬಂದು, ಈ ಮಕ್ಕಳಿಗೆ ನಿಮ್ಮ ಮುಖವನ್ನು ತೋರಿಸಿರಿ.